ಕಂಟೆಪ್ಪ ಬಾಕಿ ಮಾರಿದ ಕತೆ

ಮಕ್ಕಳೇ, ಕಲ್ಲುಗುಡ್ಡದ ಹಿಂದಿನ ಕುರುಚಲು ಕಾಡಿನಲ್ಲಿ ಕಂಟೆಪ್ಪ ಎಂಬ ಮುಳ್ಳುಹಂದಿ ಇದ್ದ. ಬಿಲ ತೋಡುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಬೆನ್ನ ತುಂಬ ಮುಳ್ಳು, ಮಾತಿನ ತುಂಬ ಸಿಡುಕು. ಹಾಗಾಗಿ ಅವನ ಪಕ್ಕದಲ್ಲಿ ಒತ್ತಿಕೊಂಡು ಕೂರುವ ಧೈರ್ಯ ಯಾರಿಗೂ ಇರಲಿಲ್ಲ. ಒಬ್ಬನೇ ಇದ್ದ.

ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಬಿಲ ತೋಡಿಸಿಕೊಂಡವರು ಕೂಲಿಯನ್ನು ಕೂಡಲೇ ಕೊಡುತ್ತಿರಲಿಲ್ಲ. ಮಳೆ ಬಂದು ಗೆಣಸು ಬಲಿತ ಮೇಲೆ ಕೊಡುತ್ತಿದ್ದರು. ಅಲ್ಲಿಯವರೆಗೆ ಗುರುತಿಗೆಂದು ಕಂಟೆಪ್ಪ ತನ್ನ ಬೆನ್ನಿಂದ ಉದುರಿದ ಒಂದು ಮುಳ್ಳನ್ನು ಆ ಬಿಲದ ಬಾಯಲ್ಲಿ ನೆಡುತ್ತಿದ್ದ. ಮುಳ್ಳು ನಿಂತಿದ್ದರೆ ಬಾಕಿ ಇದೆ ಎಂದು ಅರ್ಥ.

ಬಾಕಿ ಇಟ್ಟುಕೊಂಡು ಮುಖ ತಪ್ಪಿಸುವುದು ಸರಿಯಲ್ಲ ಎಂದು ಎಲ್ಲರೂ ಸಂಜೆ ಹೊತ್ತು ಅವನ ಬಾಗಿಲಿಗೆ ಬಂದು ಒಂದು ಮಾತು ಹೇಳಿ ಹೋಗುತ್ತಿದ್ದರು.

"ಸ್ವಲ್ಪ ತಡ್ಕೋ ಕಂಟೆಪ್ಪ. ಚಿಕ್ಕ ಮರಿಗೆ ಕಾಲು ನೋವು, ಇನ್ನೂ ನೆಗೆಯೋದಕ್ಕೆ ಆಗ್ತಿಲ್ಲ," ಎನ್ನುತ್ತಿದ್ದಳು ಮೊಲದಮ್ಮ. ಮುಂಗುಸಿ ಬಂದರೆ ಯಾವ ಬಂಡೆಯ ಕೆಳಗೆ ಹಾವು ಸೇರಿದೆ ಎಂಬ ಸುದ್ದಿ ಹೇಳುತ್ತಿದ್ದ. ಎಲ್ಲರಿಗಿಂತ ಉದ್ದದ ಮಾತು ಮುದಿನರಿ ಕೆಂಚಣ್ಣನದು. "ಗೆಣಸು ತರ್ತಾನೇ ಇದ್ದೆ, ದಾರೀಲಿ ಏನಾಯಿತು ಗೊತ್ತಾ?" ಎಂದು ಶುರು ಮಾಡಿದರೆ ಚಂದ್ರ ಕಾಣಿಸಿಕೊಳ್ಳುವ ತನಕ ಮುಗಿಯುತ್ತಿರಲಿಲ್ಲ. ಅದರಲ್ಲಿ ಒಂದಕ್ಷರವೂ ನಿಜವಿರುತ್ತಿರಲಿಲ್ಲ.

"ಕತೆ ಸಾಕು. ಗೆಣಸು ಯಾವಾಗ?" ಎಂದು ಕಂಟೆಪ್ಪ ಮುಳ್ಳು ನಿಮಿರಿಸುತ್ತಿದ್ದ.

ಒಂದು ವರ್ಷ ಮಳೆ ತಡವಾಯಿತು. ನೆಲ ಕಲ್ಲಾಯಿತು. ಕಂಟೆಪ್ಪನ ಹೊಟ್ಟೆ ಬೆನ್ನಿಗೆ ಹತ್ತಿತು. ಅಂಥ ಹೊತ್ತಿನಲ್ಲಿ ಹೆಗ್ಗಣ ಉಗ್ರಾಣಪ್ಪ ಬಂದ. ಅವನ ಬಿಲದಲ್ಲಿ ಗೆಣಸಿಗೆ ಎಂದೂ ಬರವಿರಲಿಲ್ಲ.

"ನಿನಗೆ ಬರಬೇಕಾದ ಬಾಕಿಯನ್ನೆಲ್ಲ ನನಗೆ ಮಾರು," ಎಂದ ಉಗ್ರಾಣಪ್ಪ. "ಹತ್ತು ಗೆಣಸಿನ ಬಾಕಿಗೆ ಎಂಟು ಗೆಣಸು ಇವತ್ತೇ ಕೊಡ್ತೀನಿ."

"ಎರಡು ಯಾಕೆ ಕಡಿಮೆ?"

"ಮಳೆ ತನಕ ಕಾಯೋನು ನಾನು. ಮನೆ ಮನೆ ಅಲೆಯೋನು ನಾನು. ಬೈಸಿಕೊಳ್ಳೋನೂ ನಾನೇ. ಅದಕ್ಕೆ ಎರಡು. ಇನ್ನೊಂದು ಮಾತು, ಯಾರಾದರೂ ಕೊಡದೇ ಹೋದರೆ ಅವರ ಬಾಕಿಗೆಂದು ನಾನು ಕೊಟ್ಟಿದ್ದನ್ನ ನೀನು ವಾಪಸ್ ಕೊಡಬೇಕು."

"ಆಯ್ತು. ಇವರ ಗೋಳು ಕೇಳೋದು ತಪ್ಪಿದರೆ ಸಾಕು," ಎಂದ ಕಂಟೆಪ್ಪ.

ಉಗ್ರಾಣಪ್ಪ ಮಾತಿಗೆ ತಪ್ಪುವವನಲ್ಲ. ಅಂದೇ ಗೆಣಸಿನ ರಾಶಿ ತಂದು ಸುರಿದ. ಆಮೇಲೆ ಮನೆಮನೆಗೆ ಹೋಗಿ, "ಇನ್ನು ಮುಂದೆ ಕೊಡೋದು, ಹೇಳೋದು ಏನಿದ್ದರೂ ನನ್ನ ಹತ್ತಿರ," ಎಂದು ತಿಳಿಸಿದ.

ಕಂಟೆಪ್ಪ ಹೊಟ್ಟೆ ತುಂಬ ತಿಂದ. ಮೊದಲ ಸಂಜೆ ಯಾರೂ ಬರಲಿಲ್ಲ. ಕಾಟ ತಪ್ಪಿತು ಎಂದು ಕಾಲು ಚಾಚಿ ಮಲಗಿದ. ಎರಡನೆಯ ಸಂಜೆಯೂ ಯಾರೂ ಬರಲಿಲ್ಲ. ಆಮೇಲಿನ ಸಂಜೆಗಳಲ್ಲಿ ಅವನು ಸುಮ್ಮನೆ ಬಾಗಿಲಿಗೆ ಬಂದು ದಾರಿ ನೋಡತೊಡಗಿದ. ದಾರಿಯಲ್ಲಿ ಒಣಗಿದ ಎಲೆ ಬಿಟ್ಟರೆ ಏನೂ ಇರಲಿಲ್ಲ. ಒಮ್ಮೆ ಗೆಣಸಿನ ರಾಶಿಯ ಕಡೆ ತಿರುಗಿ, "ಇವತ್ತು ಬಹಳ ಸೆಕೆ," ಎಂದ. ಗೆಣಸು ಏನು ಹೇಳೀತು?

ಮೊಲದ ಮರಿ ನೆಗೆಯಲು ಕಲಿಯಿತೋ ಇಲ್ಲವೋ ಎಂಬ ಚಿಂತೆ ಅವನಿಗೆ ಹತ್ತಿಕೊಂಡಿತು. ಒಂದು ದಿನ ನೀರಿಗೆ ಹೋಗುವ ದಾರಿಯಲ್ಲಿ ಮೊಲದಮ್ಮ ಎದುರಾದಳು.

"ಈ ಕಡೆ ಬರಲೇ ಇಲ್ಲ?" ಎಂದ ಕಂಟೆಪ್ಪ.

"ನಿನಗೆ ಕೊಡಬೇಕಾದ್ದು ಈಗ ಏನೂ ಇಲ್ಲವಲ್ಲ," ಎಂದು ಮೊಲದಮ್ಮ ಅವನ ಮುಳ್ಳಿಗೆ ತಗುಲದ ಹಾಗೆ ಬದಿಗೆ ಸರಿದು ಹೋದಳು. ಅವಳಿಗೆ ಸಿಟ್ಟೇನೂ ಇರಲಿಲ್ಲ, ಕೆಲಸವಿತ್ತು ಅಷ್ಟೇ. ಸುಮ್ಮನೇ ಬಾ ಎನ್ನಬೇಕೆಂದು ಕಂಟೆಪ್ಪನಿಗೆ ನಾಲಿಗೆ ತುದಿಗೆ ಬಂದಿತ್ತು. ಅಂಥ ಮಾತು ಆಡಿ ಅಭ್ಯಾಸವಿಲ್ಲದೆ "ಹೂಂ" ಎಂದುಬಿಟ್ಟ.

ಕೊನೆಗೂ ಮಳೆ ಬಂತು, ಗೆಣಸು ಬಲಿಯಿತು. ಒಂದು ಬೆಳಿಗ್ಗೆ ಉಗ್ರಾಣಪ್ಪ ಬಾಯಲ್ಲಿ ಒಂದು ಮುಳ್ಳು ಕಚ್ಚಿಕೊಂಡು ಬುಸುಗುಡುತ್ತ ಬಂದ.

"ತಗೋ, ಆ ಕೆಂಚಣ್ಣನ ಬಾಕಿ ನಿನಗೇ ವಾಪಸ್," ಎಂದು ಮುಳ್ಳನ್ನು ನೆಲಕ್ಕೆ ಹಾಕಿದ. "ಹೋದಾಗಲೆಲ್ಲ ಕತೆ. ಕತೆ ಕಟ್ಟಿಕೊಂಡು ನಾನೇನು ಮಾಡಲಿ? ಮಾತು ಆಡಿದ ಹಾಗೆ ಅವನ ಹತ್ತು ಗೆಣಸಿನ ಬಾಕಿಗೆ ಕೊಟ್ಟ ನನ್ನ ಎಂಟು ಗೆಣಸು ಕೊಡು."

ಕಂಟೆಪ್ಪ ಓಡಿಹೋಗಿ ಇದ್ದುದರಲ್ಲಿ ದಪ್ಪನೆಯ ಎಂಟು ಗೆಣಸು ತಂದುಕೊಟ್ಟ. ಇಷ್ಟು ಸಂತೋಷದಿಂದ ನಷ್ಟ ಕಟ್ಟುವವನನ್ನು ಉಗ್ರಾಣಪ್ಪ ನೋಡಿರಲಿಲ್ಲ.

"ಬೇರೆ ಯಾರದ್ದಾದರೂ ಬಾಕಿ ನಿಂತಿದೆಯಾ?" ಎಂದು ಕಂಟೆಪ್ಪ ಆಸೆಯಿಂದ ಕೇಳಿದ.

"ಇಲ್ಲಪ್ಪ. ಉಳಿದವರೆಲ್ಲ ಮರ್ಯಾದಸ್ಥರು, ಪೂರ್ತಿ ತೀರಿಸಿದರು."

"ಅಯ್ಯೋ," ಎಂದ ಕಂಟೆಪ್ಪ.

ಅಂದು ಸಂಜೆ ಅವನು ಬಾಗಿಲ ಮುಂದಿನ ಎಲೆಗಳನ್ನು ಸರಿಸಿ ಕೂತ. ತನ್ನ ಬಾಕಿ ಮತ್ತೆ ಕಂಟೆಪ್ಪನಿಗೇ ಸೇರಿದ ಸುದ್ದಿ ಕೇಳಿ ಕತ್ತಲಾಗುವ ಮುಂಚೆ ಕೆಂಚಣ್ಣ ಬಂದು ಎಂದಿನಂತೆ ಒಂದು ಮಾರು ದೂರದಲ್ಲಿ ಕೂತ.

"ಗೆಣಸು ತರ್ತಾನೇ ಇದ್ದೆ ಕಂಟೆಪ್ಪ, ದಾರೀಲಿ ಏನಾಯಿತು ಗೊತ್ತಾ?" ಎಂದು ಶುರು ಮಾಡಿ, ಬೈಗುಳಕ್ಕೆ ಕಾಯುತ್ತ ಕಿವಿ ಮಡಚಿಕೊಂಡ.

"ಏನಾಯಿತು? ಮೊದಲಿಂದ ಹೇಳು," ಎಂದ ಕಂಟೆಪ್ಪ.

ಆ ಪ್ರಶ್ನೆಯನ್ನು ಕೆಂಚಣ್ಣನಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಅವನು ಮಡಚಿದ್ದ ಕಿವಿ ಎತ್ತಿ, ಬೆನ್ನ ಹಿಂದೆ ಅಡಗಿಸಿಟ್ಟಿದ್ದ ಒಂದು ಗೆಣಸನ್ನು ಮುಂದಕ್ಕೆ ತಳ್ಳಿದ.

"ಒಂದೇ ತಂದಿದ್ದೀನಿ. ಉಳಿದದ್ದೂ ಮನೇಲಿದೆ, ಹೋದ ವರ್ಷದಿಂದಲೂ ಇದೆ," ಎಂದ ಮೆಲ್ಲಗೆ. "ಎಲ್ಲಾ ಒಟ್ಟಿಗೆ ಕೊಟ್ಟರೆ ನಾಳೆ ಏನಂತ ಬರಲಿ?"

ಕಂಟೆಪ್ಪ ಆ ಗೆಣಸನ್ನು ಎರಡು ಮಾಡಿ ಅರ್ಧವನ್ನು ಕೆಂಚಣ್ಣನ ಕಡೆ ಉರುಳಿಸಿದ. ಆಮೇಲೆ ಮುಳ್ಳುಗಳನ್ನೆಲ್ಲ ಬೆನ್ನಿಗೆ ಅಂಟಿಸಿಕೊಂಡು, "ಸ್ವಲ್ಪ ಹತ್ತಿರ ಬಾ. ಬಾಕಿ ಇಲ್ಲದಿದ್ದರೂ ಬಾ," ಎಂದ.

ನೀತಿ: ಅವಸರಕ್ಕೆ ಬಾಕಿಯನ್ನು ಮಾರುವುದು ತಪ್ಪಲ್ಲ, ಆದರೆ ಆ ಬಾಕಿಯ ನೆಪದಲ್ಲಿ ನಮ್ಮ ಬಾಗಿಲಿಗೆ ಬರುವವರ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.