ಒಂಬತ್ತು ಕಡ್ಡಿಯ ಜಿಗಿತ

ನದಿಯೊಂದು ಕಡಲು ಸೇರುವ ಕಡೆ, ಉಪ್ಪುನೀರಿನ ನಡುವೆ ಐದು ಪುಟ್ಟ ದ್ವೀಪಗಳಿದ್ದವು. ಅಲ್ಲಿಯವರು ಅವನ್ನು ಕುದ್ರು ಎನ್ನುತ್ತಾರೆ. ಎಲ್ಲಕ್ಕಿಂತ ಚಿಕ್ಕದು ಚಿಪ್ಪುಕುದ್ರು. ಈ ತುದಿಯಲ್ಲಿ ಸೀನಿದರೆ ಆ ತುದಿಯವರು "ನೂರು ವರ್ಷ ಬಾಳು" ಎನ್ನುವಷ್ಟು ಚಿಕ್ಕದು.

ವರ್ಷಕ್ಕೊಮ್ಮೆ ಐದೂ ಕುದ್ರುಗಳ ಪ್ರಾಣಿಗಳು ಒಂದೆಡೆ ಸೇರಿ ಓಟ, ಈಜು, ಮರ ಹತ್ತುವುದು, ಉದ್ದ ಜಿಗಿತ ಎಲ್ಲದರಲ್ಲೂ ಸ್ಪರ್ಧಿಸುತ್ತಿದ್ದವು. ಈ ಸಲ ಕೂಟ ನಡೆಸುವ ಸರದಿ ಚಿಪ್ಪುಕುದ್ರುವಿನದು.

ಅಲ್ಲಿನ ಸಿಹಿನೀರಿನ ಗುಂಡಿಯಲ್ಲಿ ಒಂದು ಕಪ್ಪೆಯಿತ್ತು. ಮಕ್ಕಳೇ, ಕಪ್ಪೆಯ ಮೈಗೆ ಉಪ್ಪುನೀರು ಆಗದು, ದಿಮ್ಮಿಯ ಮೇಲೆ ಕೂತು ಹೊರಟರೂ ಅಲೆ ಮೈಗೆ ಎರಚುತ್ತದೆ. ಹಾಗಾಗಿ ಅದು ಬೇರೆ ಕುದ್ರುವಿಗೆ ಹೋಗುವಂತಿರಲಿಲ್ಲ. ಕೂಟ ತನ್ನ ಮನೆಬಾಗಿಲಿಗೆ ಬಂದಾಗ ಜಿಗಿಯಬೇಕು. ತಪ್ಪಿದರೆ ಇನ್ನು ಐದು ವರ್ಷ ಕಾಯಬೇಕು. ಕಪ್ಪೆ ದಿನವೂ ಗುಂಡಿಯ ಅಂಚಿನ ಜೇಡಿಮಣ್ಣಿನಲ್ಲಿ ಜಿಗಿದು ಜಿಗಿದು ಅಭ್ಯಾಸ ಮಾಡುತ್ತಿತ್ತು.

ಕೂಟದ ಮುಖಂಡ ನೀರುನಾಯಿ. ಅದಕ್ಕೆ ನಿಂತಲ್ಲಿ ನಿಲ್ಲಲಾಗದು. ಓಟದ ಗೆರೆ ಎಳೆಯುವುದು, ಅಳಿಸುವುದು, ಮತ್ತೆ ಎಳೆಯುವುದು. "ಬಂದವರು ಏನೆಂದಾರು? ಚಿಕ್ಕ ಕುದ್ರು, ಚಿಕ್ಕ ಬುದ್ಧಿ ಎಂದಾರು!" ಇದೇ ಅದರ ಜಪ.

ಕೆಲಸಗಾರರೆಲ್ಲ ಕೊರಳಿಗೆ ಎಲೆಯ ಪಟ್ಟಿ ಕಟ್ಟಿಕೊಳ್ಳಬೇಕಿತ್ತು. ಹಿಂದಿನ ವರ್ಷ ಬೇರೊಂದು ಕುದ್ರುವಿನಲ್ಲಿ ಅಳತೆ ಮಾಡುವ ಏಡಿಯೊಂದು ತಾನೂ ಓಡಿ, ತನ್ನ ಓಟವನ್ನು ತಾನೇ ಅಳೆದು ಗೆದ್ದಿತ್ತು. ಅದಕ್ಕೆ ನೀರುನಾಯಿ ಹೊಸ ನಿಯಮ ತಂದಿತ್ತು: ಪಟ್ಟಿ ಕಟ್ಟಿದವರು ಆಡುವಂತಿಲ್ಲ.

ಕುದ್ರುವಿನಲ್ಲಿ ಇದ್ದದ್ದೇ ಒಂಬತ್ತು ಜನ. ಅಳಿಲಿಗೆ ಊಟದ ಪಟ್ಟಿ. ಉಡಕ್ಕೆ ದಡ ಕಾಯುವ ಪಟ್ಟಿ. ಮುಂಗುಸಿಗೆ ಎರಡು ಪಟ್ಟಿ.

ಕೂಟಕ್ಕೆ ಎರಡೇ ದಿನ ಇದ್ದಾಗ ಅಳತೆಗೆ ನಿಲ್ಲಬೇಕಿದ್ದ ಏಡಿ ಹಳೇ ಚಿಪ್ಪು ಕಳಚಿ, ಮೈ ಮೆತ್ತಗಾಗಿ, ಬಿಲ ಸೇರಿತು.

"ಹೊರಗೆ ಬಾರೋ!" ಎಂದು ನೀರುನಾಯಿ ಬಿಲದ ಬಾಯಲ್ಲಿ ಕೂಗಿತು.

"ಹೊಸ ಚಿಪ್ಪು ಗಟ್ಟಿಯಾಗಲಿ ಮಾರಾಯ. ಈಗ ಬಂದರೆ ಕೊಕ್ಕರೆ ನನ್ನನ್ನೇ ಊಟದ ಪಟ್ಟಿಗೆ ಸೇರಿಸುತ್ತೆ!"

ಸುದ್ದಿ ಕೇಳಿ ಪಕ್ಕದ ಕುದ್ರುವಿನ ಆಮೆಯಜ್ಜಿ ಈಜಿಕೊಂಡು ಬಂತು. ಕೂಟ ಎಲ್ಲೇ ನಡೆಯಲಿ, ಜಿಗಿತದ ತೀರ್ಪುಗಾರ್ತಿ ಅದೇ. "ನಮ್ಮಲ್ಲೊಂದು ಏಡಿ ಸುಮ್ಮನೆ ಕೂತಿದೆ. ಕಳಿಸಲೇನಪ್ಪಾ?"

"ಅಯ್ಯೋ, ಬೇಡಜ್ಜಿ! ಅತಿಥಿಗಳ ಕೈಲಿ ಕೆಲಸ ಮಾಡಿಸುವುದೇ? ನಮ್ಮ ಮಾನ ಏನಾಗಬೇಕು?"

ಆಮೆಯಜ್ಜಿ ಹೋದದ್ದೇ ತಡ, ನೀರುನಾಯಿ ಗುಂಡಿಯ ಬಳಿ ಓಡಿತು.

"ಕಪ್ಪಣ್ಣ, ಬಿಡುವಾಗಿದ್ದೀಯಲ್ಲ. ಅಳತೆಗೆ ನಿಲ್ಲು."

"ಬಿಡುವೇ? ನಾನು ಜಿಗಿಯಬೇಕಲ್ಲಣ್ಣ!"

"ನಿನ್ನ ಸರದಿ ಬಂದಾಗ ಪಟ್ಟಿ ಬಿಚ್ಚಿದರಾಯ್ತು."

"ನಿಯಮ?"

"ನಿಯಮ ಮಾಡಿದವನು ನಾನೇ ತಾನೇ? ಮನೆಯವನಾಗಿ ಇಷ್ಟೂ ಆಗದೇ?" ಎನ್ನುತ್ತಲೇ ಅದು ಪಟ್ಟಿ ಕಟ್ಟಿಯೂ ಆಗಿತ್ತು. ಜೊಂಡಿನ ಕಡ್ಡಿಯೊಂದನ್ನು ಕಪ್ಪೆಯ ಕೈಗಿಟ್ಟು ಮತ್ತೆಲ್ಲಿಗೋ ಓಡಿತು.

ಕೂಟದ ದಿನ ನಾಲ್ಕು ಕುದ್ರುಗಳವರು ತೇಲುವ ದಿಮ್ಮಿಗಳ ಮೇಲೆ ಬಂದಿಳಿದರು. ಊಟ ರುಚಿ, ನೆರಳು ತಂಪು, ಗೆರೆ ನೇರ. "ಭಲೇ ಚಿಪ್ಪುಕುದ್ರು!" ಎಂದರು. ನೀರುನಾಯಿ ಉಬ್ಬಿತು.

ಉದ್ದ ಜಿಗಿತಕ್ಕೆ ಕರೆ ಬಂತು. ಕಪ್ಪೆ ಪಟ್ಟಿ ಬಿಚ್ಚಿ ಗೆರೆಯ ಬಳಿ ನಿಂತಿತು.

ಆಮೆಯಜ್ಜಿ ಕತ್ತು ಚಾಚಿತು. "ಬೆಳಿಗ್ಗೆಯಿಂದ ನಿನ್ನ ಕೊರಳಲ್ಲಿ ಪಟ್ಟಿ ಇತ್ತಲ್ಲ, ಮಗಾ?"

"ಇತ್ತಜ್ಜಿ."

"ಅಜ್ಜಿ, ಇದೊಂದು ಸಲ..." ಎಂದು ನೀರುನಾಯಿ ನಡುವೆ ಬಂತು.

"ನಿನ್ನವನೆಂದು ನಿಯಮ ಸಡಿಲಿಸಿದರೆ ನಾಲ್ಕು ಕುದ್ರುಗಳವರು ಏನೆಂದಾರಪ್ಪಾ?"

ತನ್ನದೇ ಮಾತು ತನಗೇ ತಿರುಗಿ ಬಂದಿತ್ತು. ಕಪ್ಪೆ ಮತ್ತೆ ಪಟ್ಟಿ ಕಟ್ಟಿಕೊಂಡು ಕಡ್ಡಿ ಹಿಡಿಯಿತು.

ಒಬ್ಬೊಬ್ಬರೇ ಜಿಗಿದರು. ಕೊನೆಗೆ ಮಿಡತೆಯೊಂದು ರೆಕ್ಕೆ ಬಿಚ್ಚದೆ ಎಲ್ಲರಿಗಿಂತ ದೂರ ಜಿಗಿಯಿತು. ಕಪ್ಪೆ ಕಡ್ಡಿಯಿಟ್ಟು ಅಳೆಯಿತು. ಎರಡನೇ ಸಲವೂ ಅಳೆಯಿತು.

"ಏಳು ಕಡ್ಡಿ. ಮಿಡತೆ ಗೆದ್ದಿತು" ಎಂದು ಕೂಗಿತು.

ಸಂಜೆ ದಿಮ್ಮಿಗಳು ಹೊರಟವು. "ಇಂಥ ಕೂಟ ಹಿಂದೆ ಆಗಿರಲಿಲ್ಲ" ಎಂದು ಅತಿಥಿಗಳು ಕೈಬೀಸಿದರು. ನೀರುನಾಯಿ ಕಸ ಹೆಕ್ಕುತ್ತಾ ಅತ್ತಿತ್ತ ಓಡಾಡಿ, ಕಪ್ಪೆ ಕೂತಿದ್ದ ಗುಂಡಿಯ ಬಳಿ ಬಂತು. ಜೇಡಿಮಣ್ಣಿನಲ್ಲಿ ಕಪ್ಪೆ ಅಭ್ಯಾಸಕ್ಕೆ ಜಿಗಿದ ಕಡೆ ಒಂದು ಗುರುತು, ಬಿದ್ದ ಕಡೆ ಒಂದು ಗುರುತು, ಒಣಗಿ ಗಟ್ಟಿಯಾಗಿದ್ದವು. ನೀರುನಾಯಿ ಕಪ್ಪೆಯ ಕೈಯ ಕಡ್ಡಿ ತೆಗೆದುಕೊಂಡು ಅಳೆಯಿತು.

ಒಂಬತ್ತು.

ಎಷ್ಟೋ ದಿನಗಳ ಮೇಲೆ ನೀರುನಾಯಿ ಒಂದು ಕಡೆ ಕುಳಿತಿತು. "ಕಪ್ಪಣ್ಣ, ಆ ಪಟ್ಟಿ ಬಿಚ್ಚು. ಈಗ ಜಿಗಿ, ನಾನು ನೋಡುತ್ತೇನೆ" ಎಂದಿತು.

ಕಪ್ಪೆ ದೂರ ಸರಿಯುತ್ತಿದ್ದ ದಿಮ್ಮಿಗಳನ್ನು ನೋಡಿತು.

"ಯಾರ ಜೊತೆಗಣ್ಣ?"

ನೀತಿ: ಬಂದವರು ಮೆಚ್ಚಲೆಂದು ಮನೆಯವರ ಆಸೆ ತುಳಿದರೆ, ಹಬ್ಬ ಬಂದವರದಾಗುತ್ತದೆ, ಮನೆಗೆ ಕಸ ಮಾತ್ರ ಉಳಿಯುತ್ತದೆ.