ಹೆಲ್ಮೆಟ್ ಇಲ್ಲದ ಟಗರು

"ವಸ್ತಾದರೇ, ಹೆದರಿಕೆಯನ್ನು ಬೇರುಸಹಿತ ಕಿತ್ತುಹಾಕುವ ಉಪಾಯ ಯಾವುದು?" ಎಂದು ಗರಡಿಯ ಶಿಷ್ಯನೊಬ್ಬ ಕೇಳಿದ. ಮರುದಿನ ಅವನ ಮೊದಲ ಕುಸ್ತಿ.

ವಸ್ತಾದರು ಮೀಸೆ ತಿರುವಿದರು. ತಮಗಂತೂ ಹೆದರಿಕೆಯ ಮುಖಪರಿಚಯವೇ ಇಲ್ಲ, ಪ್ರಾಯದಲ್ಲಿ ತಮ್ಮ ನೆತ್ತಿಯ ಮೇಲೆ ಬಿದ್ದ ತೆಂಗಿನಕಾಯಿ ತಪ್ಪಾಯಿತೆಂದು ಕೈಮುಗಿದು ಮರ ಹತ್ತಿಹೋಗಿತ್ತು ಎಂದರು. ಆಮೇಲೆ ಕತೆ ಶುರುಮಾಡಿದರು.

ಅಮೆರಿಕದಲ್ಲಿ ಒಬ್ಬ ಆಟಗಾರನಿದ್ದ. ಆ ದೇಶದವರ ಫುಟ್‌ಬಾಲ್ ಆಡುತ್ತಿದ್ದ. ಹೆಸರಿನಲ್ಲಿ ಕಾಲು, ಆಟದಲ್ಲೆಲ್ಲ ಕೈ ಮತ್ತು ಡಿಕ್ಕಿ. ತಲೆಗೆ ಹೆಲ್ಮೆಟ್, ಹೆಗಲಿಗೆ ದಪ್ಪ ಕವಚ. ಚೆಂಡು ಹಿಡಿದು ಓಡುವವನನ್ನು ಕಂಡರೆ ಇವನು ತಲೆ ತಗ್ಗಿಸಿ ನುಗ್ಗುತ್ತಿದ್ದ. ಜನ ಇವನನ್ನು ಟಗರು ಎಂದೇ ಕರೆಯುತ್ತಿದ್ದರು.

ಒಂದು ವರ್ಷ ತಂಡ ಅವನನ್ನು ಕೈಬಿಟ್ಟಿತು. ಹೊಟ್ಟೆಪಾಡಿಗೆ ಅವನು ರಗ್ಬಿಗೆ ಬಂದ. ಅದೂ ಚೆಂಡು ಹಿಡಿದು ಓಡುವ, ಓಡುವವನನ್ನು ಕೆಡಹುವ ಆಟವೇ. ಆದರೆ ಮೈಮೇಲೆ ಒಂದು ಅಂಗಿ, ಒಂದು ಚಡ್ಡಿ, ಅಷ್ಟೇ. ತಲೆ ಬರಿದು.

ಮೊದಲ ದಿನ ಎದುರಿನಿಂದ ಕೋಣದಂಥವನೊಬ್ಬ ಓಡಿಬಂದ. ಆಟಗಾರನ ಕೈ ತಾನಾಗಿ ತಲೆ ಮುಟ್ಟಿ ನೋಡಿತು. ಬೆವರಿದ ಕೂದಲು ಸಿಕ್ಕಿತು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಟಗರು ಯಾವಾಗ ಕುರಿಯಾಯಿತು ಎಂದು ಜೊತೆಯವರೇ ಆಡಿಕೊಂಡರು. ತಲೆಯನ್ನು ಎದುರಿಗೆ ಒಡ್ಡಬೇಡ, ಓಡಿಬರುವವನ ಸೊಂಟದ ಹಿಂದಕ್ಕೆ ಇಡು ಎಂದು ಮುದಿ ತರಬೇತುದಾರ ಹೇಳಿಕೊಟ್ಟ. ಅವಮಾನದಲ್ಲಿ ಅದು ಇವನ ಕಿವಿಗೆ ಬೀಳಲಿಲ್ಲ.

ಮುಂದಿನ ಸಲ ಅವನು ಹಲ್ಲು ಕಚ್ಚಿ ಹೆದರಿಕೆಯನ್ನು ನುಂಗಿದ. ತಲೆಯ ಮೇಲೆ ಹೆಲ್ಮೆಟ್ ಇದೆಯೆಂದೇ ನೆನೆದು, ಕಣ್ಣು ಮುಚ್ಚಿ ನುಗ್ಗಿದ.

ಕಣ್ಣು ಬಿಟ್ಟಾಗ ಹುಲ್ಲಿನ ಮೇಲೆ ಮಲಗಿದ್ದ. ಆಕಾಶ ಕಾಣುತ್ತಿತ್ತು, ಮಾತು ಕೇಳುತ್ತಿತ್ತು. ಕೈ ಎತ್ತಲು ನೋಡಿದರೆ ಕೈ ಏಳಲಿಲ್ಲ. ಕಾಲು ಇದೆಯೋ ಇಲ್ಲವೋ ತಿಳಿಯಲಿಲ್ಲ. ಯಾರೋ, ಬೆರಳು ಒತ್ತುತ್ತಿದ್ದೇನೆ, ಗೊತ್ತಾಗುತ್ತಿದೆಯೇ ಎಂದು ಕೇಳಿದರು. ಗೊತ್ತಾಗುತ್ತಿರಲಿಲ್ಲ. ಇನ್ನು ಆಯುಷ್ಯವಿಡೀ ಬೇರೆಯವರೇ ಬಾಯಿಗೆ ತುತ್ತಿಡಬೇಕು ಎಂಬುದೊಂದೇ ಹೊಳೆಯಿತು. ಕೂಗಬೇಕೆಂದರೆ ನಾಲಗೆ ಒಣಗಿತ್ತು. ಎಷ್ಟೋ ಹೊತ್ತಿನ ಮೇಲೆ ಹೆಬ್ಬೆರಳು ಜುಮ್ಮೆಂದಿತು.

ಕುತ್ತಿಗೆ ನೆಟ್ಟಗಾಗಲು ಬಹಳ ಕಾಲ ಹಿಡಿಯಿತು. ಮತ್ತೆ ಮೈದಾನಕ್ಕೆ ಇಳಿದ ದಿನ ಅದೇ ಕೋಣ ಓಡಿಬಂದ. ಹೆದರಿಕೆ ಗಂಟಲ ತನಕ ಬಂತು. ಈ ಸಲ ಅವನು ಅದನ್ನು ನುಂಗಲಿಲ್ಲ, ಕಣ್ಣೂ ಮುಚ್ಚಲಿಲ್ಲ. ಹೆದರಿಕೆಯೇ ಅವನ ತಲೆ ಹಿಡಿದು ಪಕ್ಕಕ್ಕೆ ಎಳೆಯಿತು. ಹೆಗಲು ತೊಡೆಗೆ ತಾಗಿತು. ಕೋಣ ಉರುಳಿದ.

ಆಟಗಾರ ಎದ್ದ. ತರಬೇತುದಾರನ ಬಳಿ ಹೋಗಿ, "ಇವತ್ತೂ ಹೆದರಿದೆ, ಯಜಮಾನರೇ" ಎಂದ.

"ತಲೆ ಎಲ್ಲಿತ್ತು?"

"ಅವನ ಸೊಂಟದ ಹಿಂದೆ."

ವಸ್ತಾದರು ಅಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚಿದರು. ಹಾಗಾದರೆ ನನಗೆ ಉಪಾಯ ಹೇಳುವುದಿಲ್ಲವೇ ಎಂದು ಶಿಷ್ಯ ಮೆಲ್ಲನೆ ಕೇಳಿದ.

"ನಾನು ಯಾರೆಂದುಕೊಂಡೆ, ನಿನ್ನ ಹೆದರಿಕೆಯನ್ನು ಒಂದೇ ಚಿಟಿಕೆಗೆ ಕಿತ್ತುಹಾಕಿಯೇನು ತಮ್ಮಾ, ಆದರೆ ನಾಳೆ ನಿನ್ನ ಕುತ್ತಿಗೆ ಕಾಯಲು ಬೇರೆ ಯಾರನ್ನು ಗೊತ್ತುಮಾಡಿದ್ದೀ?"