ಹೊಗೆಯ ಆಚೆಗಿನ ತೆಂಗಿನಕಾಯಿ

ಹೊಳೆದಂಡೇಲಿ ಮೊಣ್ಣಪ್ಪಜ್ಜ ಅಂತ ಒಬ್ಬ ಗುರು ಇದ್ದ. ಹಳೇ ಕಾಲದ ಮದ್ದಿನ ಕೋವಿ ಹೊಡೆಯೋದು ಕಲಿಸ್ತಿದ್ದ. ಅವನು ಸೀನಿದ್ರೆ ಸಾಕು, ಆಚೆ ದಡದ ಕಾಡುಹಂದಿಗಳು ಕೈ ಮುಗಿದು ನಿಲ್ತಿದ್ವು.

ಒಂದಿನ ಬೋಜವ್ವ ಬಂದಳು. ಹೆಗಲ ಮೇಲೆ ತೀರಿಹೋದ ಅಪ್ಪನ ಚಕಮಕಿ ಕೋವಿ. ಕೋವಿ ಅವಳಿಗಿಂತ ಒಂದು ಗೇಣು ಉದ್ದ.

"ಹೊಸ ಕದಿರು ಕೊಯ್ಯೋ ದಿನ ಊರಿನ ಮೊದಲ ಗುಂಡು ಹಾರಿಸೋದು ನಮ್ಮ ಮನೆ ಹಕ್ಕು, ಅಜ್ಜಾ. ಹೆಣ್ಣುಮಗಳಿಗೆ ಆ ಹಕ್ಕು ಬೇಕಾದ್ರೆ ಒಂದೇ ಗುಂಡಿಗೆ ಮರದ ತುದೀಲಿರೋ ತೆಂಗಿನಕಾಯಿ ಒಡೆದು ತೋರಿಸಲಿ ಅಂತ ಅಚ್ಚಯ್ಯ ಚಿಕ್ಕಪ್ಪ ಪಂಥ ಕಟ್ಟಿದ್ದಾರೆ. ತಪ್ಪಿದ್ರೆ ಕೋವಿ ಅವರ ಮನೆಗೆ."

"ಎಷ್ಟು ದಿನ ಇದೆ?"

"ಇಪ್ಪತ್ತು."

"ಧಾರಾಳ ಆಯ್ತು. ಇಪ್ಪತ್ತು ದಿನದಲ್ಲಿ ನಾನು ಒಂದು ಕಾಗೆಗೂ ಕಲಿಸಿದ್ದೀನಿ."

ಅಜ್ಜ ಮಾಡಿ ತೋರಿಸಿದ. ನಳಿಗೆಗೆ ಅಳತೆ ಮದ್ದು. ಅದರ ಮೇಲೆ ಬಟ್ಟೆ ಸುತ್ತಿದ ಗುಂಡು. ಗಜದ ಕೋಲಿಂದ ತಳ ಮುಟ್ಟೋವರೆಗೂ ಜಡಿಯೋದು. ಕೊನೆಗೆ ಕೋವಿ ಪಕ್ಕಕ್ಕಿರೋ ಸಣ್ಣ ಬಟ್ಟಲಿಗೆ ಚಿಟಿಕೆ ಮದ್ದು.

"ಬೆರಳಿಂದ ಕೋವಿ ಕುದುರೆ ಎಳೆದ್ರೆ ಕಲ್ಲು ಕಿಡಿ ಹಾರಿಸುತ್ತೆ. ಆಮೇಲೆ ಕೋವಿ ಸ್ವಲ್ಪ ಯೋಚನೆ ಮಾಡುತ್ತೆ. ಆಮೇಲೇ ಹೊಡೆಯೋದು."

ಮೊದಲ ದಿನ ಬೋಜವ್ವ ಗಜದ ಕೋಲನ್ನ ನಳಿಗೆಯೊಳಗೇ ಮರೆತು ಹೊಡೆದಳು. ಕೋಲು ಹೊಳೆ ದಾಟಿ ಹಲಸಿನ ಮರಕ್ಕೆ ನಾಟಿಕೊಳ್ತು. ಇವತ್ತಿಗೂ ಅದರ ಮೇಲೆ ಬಟ್ಟೆ ಒಣಹಾಕ್ತಾರೆ.

ಊರಿಗೆಲ್ಲ ಸುದ್ದಿ ಆಯ್ತು.

ಆಮೇಲೆ ಹತ್ತು ದಿನ ಅಜ್ಜನ ತೆಂಗಿನ ಮರದ ತುದೀಲಿದ್ದ ಒಂದು ಕಾಯಿಗೆ ಹೊಡೆದಳು. ಹೊಗೆ ಎಷ್ಟು ಕವೀತಿತ್ತು ಅಂದ್ರೆ, ಸಂಜೆ ಆಯ್ತು ಅಂತ ಹಸುಗಳು ಕೊಟ್ಟಿಗೆಗೆ ಹೊರಟುಬಿಡ್ತಿದ್ವು. ಕಾಯಿ ಮಾತ್ರ ಅಲ್ಲೇ ತೂಗ್ತಿತ್ತು.

"ಯಾಕೆ ತಪ್ಪುತ್ತೆ, ಅಜ್ಜಾ?"

"ಕಿಡಿ ಹಾರಿ ಗುಂಡು ಹೊರಡೋದರೊಳಗೆ ನೀನು ಎಲ್ಲಿಗೆ ಹೋಗ್ತೀಯ?"

ಬೋಜವ್ವ ತಲೆ ತಗ್ಗಿಸಿದಳು.

"ಮನಸ್ಸು ಚಿಕ್ಕಪ್ಪನ ಮುಖ ನೋಡೋಕೆ ಹೋಗುತ್ತೆ."

"ಕೋವಿ ಯೋಚನೆ ಮಾಡ್ತಿರೋವಾಗ ನೀನು ಎದ್ದು ಹೋದ್ರೆ, ಅದು ಪಾಪ ಯಾರನ್ನ ಕೇಳಬೇಕು?"

ಮಾರನೇ ದಿನ ಅಜ್ಜ ಆ ಕಾಯಿ ಇಳಿಸಿ ಚಟ್ನಿ ಅರೆದುಬಿಟ್ಟ.

"ಈಗ ಹೊಡಿ."

"ಯಾವುದಕ್ಕೆ?"

"ಕಾಯಿ ಇದ್ದ ಜಾಗಕ್ಕೆ. ಹೊಡೆದ ಮೇಲೆ ಆ ಕಡೆ ನೋಡಬಾರದು. ಕೂತ್ಕೊಂಡು ಬಿಸಿನೀರಲ್ಲಿ ನಳಿಗೆ ತೊಳಿ."

"ಬಿತ್ತೋ ಇಲ್ವೋ ನೋಡೋದು ಬೇಡ್ವಾ?"

"ಬೀಳೋದು ಕಾಯಿ ಕೆಲಸ. ನಿನ್ನ ಕೆಲಸ ಹೊಗೆಯ ಈಚೆಗೆ ಮುಗೀತು."

ಉಳಿದಷ್ಟೂ ದಿನ ಬೋಜವ್ವ ಏನೂ ಇಲ್ಲದ ಜಾಗಕ್ಕೆ ಹೊಡೆದಳು, ತೊಳೆದಳು.

ಪಂಥದ ದಿನ ಬಂತು. ಊರೇ ನೆರೆದಿತ್ತು.

"ಮಗಳೇ, ಕೋಲು ಹೊರಗೆ ತೆಗೆದ್ಯಾ? ನಮ್ಮ ಮನೇಲೂ ಬಟ್ಟೆ ಒಣಹಾಕೋಕೆ ಒಂದು ಬೇಕಿತ್ತು," ಅಂದ ಅಚ್ಚಯ್ಯ.

ಎಲ್ಲರೂ ನಕ್ಕರು. ಬೋಜವ್ವ ಕೋವಿಗೆ ಕೆನ್ನೆ ಕೊಟ್ಟಳು, ಕುದುರೆ ಎಳೆದಳು.

ಕಿಡಿ ಹಾರ್ತು. ಕೋವಿ ಯೋಚನೆ ಮಾಡ್ತು. ಬೋಜವ್ವ ಎಲ್ಲಿಗೂ ಹೋಗಲಿಲ್ಲ.

ಢಂ!

ಹೊಗೆ ಕವೀತು. ಊರು ಬೊಬ್ಬೆ ಹಾಕ್ತು, ಗೆದ್ದಿದ್ದಕ್ಕೋ ಸೋತಿದ್ದಕ್ಕೋ ತಿಳೀಲಿಲ್ಲ. ಬೋಜವ್ವ ನೆಲದ ಮೇಲೆ ಕೂತು ನಳಿಗೆಗೆ ಬಿಸಿನೀರು ಹುಯ್ದಳು. ಕಪ್ಪು ನೀರು ಹರೀತು. ತಲೆ ಎತ್ತಲಿಲ್ಲ.

ಹೊಗೆ ಸೀಳಿಕೊಂಡು ಯಾರೋ ಓಡಿ ಬಂದ್ರು.

ಮೊಣ್ಣಪ್ಪಜ್ಜ! ಒಂದು ಕೈಲಿ ಜಾರ್ತಿರೋ ಪಂಚೆ, ಇನ್ನೊಂದು ಕೈಲಿ ಒಡೆದ ಚಿಪ್ಪು. ಮೀಸೆ ತುದಿಯಿಂದ ಕಾಯಿನೀರು ತೊಟ್ಟಿಕ್ತಿತ್ತು. ಹಿಂದೆ ಅಚ್ಚಯ್ಯ.

"ಕೋವಿ ನಿಂದೇ, ಮಗಳೇ," ಅಂದ ಅಚ್ಚಯ್ಯ ಮೆಲ್ಲಗೆ.

ಬೋಜವ್ವ ಈಗ ತಲೆ ಎತ್ತಿದಳು, ಗುರುವನ್ನ ನೋಡಿ ನಕ್ಕಳು.

"ಆ ಕಡೆ ನೋಡಬಾರದು ಅಂದೋರು ನೀವೇ ಅಲ್ವಾ, ಅಜ್ಜಾ?"

ಅಜ್ಜ ಚಿಪ್ಪನ್ನ ಊರಿಗೆಲ್ಲ ಕಾಣೋ ಹಾಗೆ ಎತ್ತಿ ಹಿಡಿದ.

"ಹೊಡೆದೋರು ನೋಡಬಾರದು ಅಂದೆ. ಕಲಿಸಿದೋನು ಓಡಬಾರದು ಅಂತ ಯಾವಾಗ ಅಂದೆ?"